ಕೆಂಪು ಬಟ್ಟೆ ಕಟ್ಟಿದ ಬಿರಡೆ

ಮೊನ್ನೆ ನೀವು ಫ್ರೀಜರಿನಲ್ಲಿಟ್ಟು ಮರೆತ ಗಾಜಿನ ಬಾಟಲಿ ಒಡೆದಿತ್ತಲ್ಲ ಮಕ್ಕಳೇ, ಅವತ್ತು ಚೂರುಗಳನ್ನು ಹೆಕ್ಕುತ್ತಾ ನಾನು ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟೆ. "ಅಜ್ಜಿ, ಇಟ್ಸ್ ಜಸ್ಟ್ ಎ ಬಾಟಲ್" ಎಂದ ಅಣ್ಣ. ತಂಗಿ ಬಗ್ಗಿ ನನ್ನ ಮುಖ ನೋಡಿ, "ಆರ್ ಯು ಕ್ರೈಯಿಂಗ್?" ಎಂದು ಕೇಳಿದಳು. ಬೆರಳಿಗೆ ಗಾಜು ತಾಗಿತು ಎಂದೆ. ಗಾಜು ತಾಗಿರಲಿಲ್ಲ.

ಎದುರು ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಕನ್ನಡ ಕೈಯಲ್ಲಿದೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಓದಲು ಬರದಿದ್ದರೆ ಅಪ್ಪ ಓದಿ ಹೇಳಲಿ. ಅವನಿಗೂ ಇದರಲ್ಲಿ ಅರ್ಧ ಗೊತ್ತಿಲ್ಲ.

ಗಲ್ಫಿಗೆ ಬಂದ ಮೇಲೆ ನಿಮ್ಮ ಅಜ್ಜ ಅಲ್ ಕೂಜ್‌ನ ಒಂದು ಶೆಡ್ಡಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದರು. ಅಲ್ಲಿ ಸಮುದ್ರ ಕಾಣಿಸುವುದಿಲ್ಲ. ಸುತ್ತ ಗೋದಾಮುಗಳು, ಟಯರ್ ಅಂಗಡಿಗಳು, ಲೇಬರ್ ಕ್ಯಾಂಪಿನ ಬಸ್ಸುಗಳು. ಅದರ ನಡುವೆ ಬೋಟುಗಳು ಟ್ರೈಲರಿನ ಮೇಲೆ ಕೂತಿರುತ್ತಿದ್ದವು. ಮೊದಲ ಸಲ ನೋಡಿದಾಗ ನೀರಿಲ್ಲದ ಕಡೆ ಇವು ಎಂತಕ್ಕೆ ಬಂದವು ಎಂದು ನನಗೆ ಪಾಪ ಅನ್ನಿಸಿತ್ತು.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಬೇಕಾದರೆ, ಆ ಜಾಗಕ್ಕೆ ಕೆಂಪು ಚಿಂದಿ ಕಟ್ಟಿ ಹೋಗಬೇಕು. ಚಿಂದಿ ಇರುವ ಎಂಜಿನನ್ನು ಬೇರೆ ಯಾರೂ ಚಾಲು ಮಾಡುವ ಹಾಗಿಲ್ಲ. ಕಟ್ಟಿದವನೇ ಬಂದು ಬಿಚ್ಚಬೇಕು. ಅಲ್ಲಿ ಪಠಾಣರಿದ್ದರು, ಮಲಯಾಳಿಗಳಿದ್ದರು, ಬಂಗಾಳದವರಿದ್ದರು, ನಮ್ಮ ಕಡೆಯವರಿದ್ದರು. ಒಬ್ಬನ ಅಕ್ಷರ ಇನ್ನೊಬ್ಬನಿಗೆ ಬಾರದು. ಕೆಂಪು ಚಿಂದಿ ಎಲ್ಲರಿಗೂ ಅರ್ಥವಾಗುತ್ತಿತ್ತು. "ನಮ್ಮ ಶೆಡ್ಡಿನ ಲಿಪಿ ಇದು" ಎಂದು ನಿಮ್ಮ ಅಜ್ಜ ನಗುತ್ತಿದ್ದರು.

ಅಲ್ಲೇ ಇನ್ನೊಂದು ಅಭ್ಯಾಸವೂ ಇತ್ತು, ಅದು ನಿಮ್ಮ ಅಜ್ಜನದ್ದು. ನವರಾತ್ರಿಯಲ್ಲಿ ಆಯುಧಪೂಜೆಯ ದಿನ ಬೋಲ್ಟು ತಿರುಗಿಸುವ ಪಾನ, ಸುತ್ತಿಗೆ ಎಲ್ಲ ತೊಳೆದು ಕುಂಕುಮ ಇಡುತ್ತಿದ್ದರು. ಶೆಡ್ಡಿನಲ್ಲಿರುವ ಎಂಜಿನುಗಳಿಗೆ ಸೇವಂತಿಗೆ ಸಿಕ್ಕಿಸಿ ಒಂದು ಎಳೆ ಕೆಂಪು ನೂಲು ಕಟ್ಟುತ್ತಿದ್ದರು. ನಾನು ಮನೆಯಿಂದ ಪಂಚಕಜ್ಜಾಯ ಮಾಡಿ ಕಳಿಸುತ್ತಿದ್ದೆ. ಶೆಡ್ಡಿನ ಯಜಮಾನರನ್ನು ಎಲ್ಲರೂ ಮುದೀರ್ ಎನ್ನುತ್ತಿದ್ದರು. ಅವರು ಬೇರೆ ಧರ್ಮದವರಾದರೂ ಬೇಡ ಅನ್ನಲಿಲ್ಲ. ಒಂದು ಬೋಟಿನ ಸಾಹೇಬರಂತೂ ಪ್ರತಿ ವರ್ಷ ಪಂಚಕಜ್ಜಾಯಕ್ಕೆ ಕೈಯೊಡ್ಡಿ ನಿಲ್ಲುತ್ತಿದ್ದರಂತೆ. ಅವರು ಯುರೋಪಿನ ಯಾವುದೋ ಚಳಿದೇಶದವರು, ವಯಸ್ಸಾದವರು. ಅವರ ಬೋಟನ್ನು ನಿಮ್ಮ ಅಜ್ಜ ಬಿಟ್ಟು ಬೇರೆಯವರು ಮುಟ್ಟುತ್ತಿರಲಿಲ್ಲ.

ಆ ವರ್ಷ ನವರಾತ್ರಿ ಮುಗಿದ ಸ್ವಲ್ಪ ದಿನಕ್ಕೆ ಸಾಹೇಬರು ಊರಿಗೆ ವಾಪಸ್ ಹೊರಟರು. ಬೋಟನ್ನೂ ಹಡಗಿನಲ್ಲಿ ತೆಗೆದುಕೊಂಡು ಹೋಗುತ್ತಾರೆಂದಾಯಿತು. ಬೋಟು ಅಲ್ಲಿ ತಲುಪುವಾಗ ಚಳಿಗಾಲ. ಎಂಜಿನಿನೊಳಗೆ ಒಂದು ಲೋಟ ನೀರು ಉಳಿದರೂ ಅದು ಐಸ್ ಆಗಿ ಉಬ್ಬಿ ಕಬ್ಬಿಣವನ್ನೇ ಸೀಳುತ್ತದೆ. ನಿಮ್ಮ ಬಾಟಲಿಯ ಹಾಗೆ. ಆದ್ದರಿಂದ ಎಂಜಿನಿನ ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಿ, ಮಲಗಿಸಿ ಕಳಿಸಬೇಕಿತ್ತು.

ನಿಮ್ಮ ಅಜ್ಜನಿಗೆ ಅರುವತ್ತು ದಾಟಿತ್ತು. ವೀಸಾ ಮುಂದಿನ ಬೇಸಿಗೆಗೆ ಮುಗಿಯುತ್ತಿತ್ತು. ಅರುವತ್ತು ದಾಟಿದವರ ವೀಸಾ ಮತ್ತೆ ಮಾಡಿಸಲು ಮುದೀರ್‌ಗೆ ಮನಸ್ಸಿರಲಿಲ್ಲ. ಫೋರ್‌ಮನ್ ಬಂದು ಅವರ ಮಾತನ್ನು ತಲುಪಿಸಿದ್ದ: "ಸಾಹೇಬರ ಬೋಟು ತಕರಾರಿಲ್ಲದೆ ಹೋದ್ರೆ ಇನ್ನೊಂದು ಸಲ ರಿನ್ಯೂ ಮಾಡ್ಸುವ ಅಂದಿದ್ದಾರೆ ಅಣ್ಣ. ಸಾಹೇಬರು ಒಂದು ಒಳ್ಳೆ ಮಾತು ಹೇಳಿದ್ರೆ ಸಾಕಂತೆ." ನಾನು ನಿಮ್ಮ ಅಜ್ಜನ ವೀಸಾದಲ್ಲಿದ್ದೆ. ಅವರದ್ದು ಹೋದರೆ ನನ್ನದೂ ಹೋಯಿತು. ಆಗ ಅಣ್ಣನಿಗೆ ಹೊಸದಾಗಿ ಶಾಲೆ, ತಂಗಿ ಇನ್ನೂ ತೊದಲುತ್ತಿದ್ದಳು. ವಾರಕ್ಕೊಮ್ಮೆ ಬಸ್ಸು ಹಿಡಿದು ನಿಮ್ಮ ಮನೆಯಿದ್ದ ಸಿಲಿಕಾನ್ ಓಯಸಿಸ್‌ಗೆ ಬಂದು ನಿಮ್ಮನ್ನು ನೋಡಿ ಹೋಗುವುದೇ ನಮಗೆ ಹಬ್ಬ. ನಿಮ್ಮ ಅಜ್ಜ ವೀಸಾ ವೀಸಾ ಎಂದದ್ದೆಲ್ಲ ನಿಮ್ಮಿಬ್ಬರಿಗಾಗಿ.

ಎಂಜಿನಿನ ಹೊಟ್ಟೆಯಲ್ಲಿ ಅಲ್ಲಲ್ಲಿ ಹಿತ್ತಾಳೆಯ ಬಿರಡೆಗಳಿರುತ್ತವೆ. ಅವನ್ನು ಬಿಚ್ಚಿದರೆ ನೀರು ಇಳಿಯುತ್ತದೆ. ಚಳಿದೇಶದಲ್ಲಿ ವರ್ಷಕ್ಕೊಮ್ಮೆ ಬಿಚ್ಚುತ್ತಾರಂತೆ. ಇಲ್ಲಿ ಯಾರು ಬಿಚ್ಚುತ್ತಾರೆ? ಚಳಿಗಾಲವೆಂದರೆ ಇಲ್ಲಿ ಜನ ಬೋಟು ಹತ್ತುವ ಕಾಲ. ಸೆಕೆಗಾಲದಲ್ಲಿ ಎಂಜಿನಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆದು ಮುಚ್ಚಿಟ್ಟರೆ ಆಯಿತು. ಹಾಗಾಗಿ ಆ ಬಿರಡೆಗಳಿಗೆ ಬೋಟು ಬಂದಂದಿನಿಂದ ಯಾರೂ ಕೈ ಹಚ್ಚಿರಲಿಲ್ಲ. ಉಪ್ಪು, ತುಕ್ಕು, ಸೆಕೆ ಎಲ್ಲ ಸೇರಿ ಕಬ್ಬಿಣಕ್ಕೂ ಹಿತ್ತಾಳೆಗೂ ಬೆಸುಗೆಯೇ ಆಗಿತ್ತು.

ಭಾನುವಾರ ಶೆಡ್ಡಿಗೆ ರಜೆ. ಸೋಮವಾರ ಬೆಳಿಗ್ಗೆ ಬೋಟನ್ನು ಬಂದರಿಗೆ ಎಳೆದುಕೊಂಡು ಹೋಗಲು ಟ್ರಕ್ಕು ಬರುವುದಿತ್ತು. ನಿಮ್ಮ ಅಜ್ಜ ಆ ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ನನ್ನ ಕೈಯನ್ನೇ ನೋಡುತ್ತಿದ್ದರು. "ನೀನು ಬರ್ತೀಯಾ ಶೆಡ್ಡಿಗೆ?" ಎಂದರು.

"ನಾನಾ? ನಾನು ಬಂದು ಎಂತ ಮಾಡ್ಲಿ?"

"ನನ್ನ ಕೈ ಹೋಗದ ಜಾಗ ಒಂದುಂಟು. ನಿನ್ನದು ಹೋಗ್ತದೆ."

ಮದುವೆಗೆ ಮೊದಲು ಊರಿನಲ್ಲಿ ಬೀಡಿ ಕಟ್ಟುತ್ತಿದ್ದವಳು ನಾನು. ಬೆರಳು ಸಣ್ಣ, ಕಣ್ಣು ಮುಚ್ಚಿಯೂ ಕೆಲಸ ಗೊತ್ತು. ಅಷ್ಟು ವರ್ಷದಲ್ಲಿ ಅವರು ನನ್ನ ಕೈಯ ಬಗ್ಗೆ ಮಾತಾಡಿದ್ದು ಅದೊಂದೇ ಸಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಟಿಫಿನಿಗೆ ಹಾಕಿ, ಅದರ ಮೇಲಿನಿಂದ ಒಂದು ಕೆಂಪು ರವಿಕೆ ಕಣ ಸುತ್ತಿ ಹೊರಟೆ. ಅದು ಯಾವುದೋ ಸೀಮಂತದಲ್ಲಿ ಮಡಿಲು ತುಂಬುವಾಗ ಸಿಕ್ಕಿದ್ದು, ಅಂಚಿಗೆ ಹಳದಿ ಗೆರೆಯಿತ್ತು.

ಬೋಟಿಗೆ ಏಣಿ ಹಾಕಿ ಹತ್ತಿಸಿದರು. ನಾನು ಬೋಟು ಹತ್ತಿದ್ದು ಅದೇ ಮೊದಲು, ಅದೂ ನೆಲದ ಮೇಲಿದ್ದದ್ದಕ್ಕೆ. ಹಿಂಬದಿಯ ಹಲಗೆ ಎತ್ತಿದರೆ ಕೆಳಗೆ ಎಂಜಿನ್. ಹಳೆ ಎಣ್ಣೆಯ, ಕೊಳೆತ ಚಿಪ್ಪಿನ ವಾಸನೆ. ಮೇಲಿನ ಬಿರಡೆಗಳನ್ನು ನಿಮ್ಮ ಅಜ್ಜ ಹಿಂದಿನ ವಾರವೇ ಬಿಡಿಸಿದ್ದರು. ಅವತ್ತಿಗೆ ಉಳಿದದ್ದು ಕೆಳಗಿನ ಎರಡು, ಎಡದ್ದೊಂದು ಬಲದ್ದೊಂದು.

ಎಡದ್ದರ ಹತ್ತಿರ ಅವರು ಬೆಳಗ್ಗಿನ ಹೊತ್ತೆಲ್ಲ ಕಳೆದರು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವುದು, ಕಾಯುವುದು, ಬಿರಡೆಯ ತಲೆಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಮೆಲ್ಲಗೆ ಬಡಿಯುವುದು, ಮತ್ತೆ ಕಾಯುವುದು. ಕಾಯಿಸಿ ಸಡಿಲ ಮಾಡುವ ಎಂದರೆ, ಪೆಟ್ರೋಲಿನ ಎಂಜಿನಾದ್ದರಿಂದ ಬೆಂಕಿ ತೋರಿಸುವ ಹಾಗಿರಲಿಲ್ಲ. ಆಮೇಲೆ ಪಾನ ಹಾಕಿ, ಬಿಚ್ಚುವ ಬದಲು ಇನ್ನಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿದರು.

"ಅದು ಮತ್ತೂ ಸಿಕ್ಕಿಕೊಳ್ಳುವುದಿಲ್ವಾ?" ಎಂದೆ.

"ಒಂದು ಕೂದಲಿನಷ್ಟು ಬಿಗಿ ಮಾಡಿದ್ರೆ ತುಕ್ಕು ಮುರೀತದೆ. ಆಮೇಲೆ ತಾನೇ ಬರ್ತದೆ. ಒಮ್ಮೆಲೇ ಎಳೆದ್ರೆ ಹಠ ಮಾಡ್ತದೆ."

"ನಿಮ್ಮ ಅಮ್ಮನ ಹಾಗೆ."

ಅವರು ಎಂಜಿನಿನೊಳಗೆ ತಲೆ ಹಾಕಿಕೊಂಡೇ ನಕ್ಕರು. ಮೈಯೆಲ್ಲ ಅಲುಗಿತು. ಆ ನಗು ಮುಗಿಯುವಷ್ಟರಲ್ಲಿ ಕಿರ್ ಎಂದು ಬಿರಡೆ ತಿರುಗಿತು. ಬಿಚ್ಚಿ ತೆಗೆದರು. ಒಂದು ಹನಿ ನೀರೂ ಬರಲಿಲ್ಲ.

"ಖಾಲಿ ಉಂಟು" ಎಂದೆ ನಾನು.

"ಖಾಲಿ ಅಲ್ಲ, ಕಟ್ಟಿಕೊಂಡಿದೆ." ತಂತಿಯ ತುಂಡೊಂದನ್ನು ತೂತಿನೊಳಗೆ ಹಾಕಿ ಕಡೆದರು. ಮೊದಲು ಕಂದು ಕೆಸರು ಬಂತು, ಬೆಲ್ಲದ ಪಾಕದ ಹಾಗೆ ದಪ್ಪಗೆ. ಆಮೇಲೆ ಸರ್ ಎಂದು ನೀರು. ಅವರು ಆ ನೀರಿಗೆ ಅಂಗೈ ಒಡ್ಡಿ ಕೂತರು. "ಬಂತು ನೋಡು ಮಾರಾಯ್ತಿ" ಎಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಮತ್ತೆ ನೋಡಲಿಲ್ಲ.

ಬಲದ ಬಿರಡೆ ಸ್ಟಾರ್ಟರ್ ಮೋಟಾರಿನ ಹಿಂದಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಬಳೆ ತೆಗೆದಿಟ್ಟು ಹಲಗೆಯ ಮೇಲೆ ಮಲಗಿ ಕೈ ಇಳಿಸಿದೆ. ಬೆರಳಿಗೆ ಬಿರಡೆಯ ಒರಟು ತಲೆ ತಾಗಿತು, ಸುತ್ತ ಉಪ್ಪಿನ ಹಕ್ಕಳೆ. ಉಗುರಿನಿಂದ ಕೆರೆದೆ, ಎಣ್ಣೆ ಬಿಟ್ಟೆ. ನಾನು ಬೆರಳಿನಿಂದಲೇ ತಡವಿ ಪಾನದ ತುದಿಯ ಸಾಕೆಟ್ಟನ್ನು ಬಿರಡೆಯ ಮೇಲೆ ಕೂರಿಸಿ "ಕೂತಿತು" ಎನ್ನಬೇಕು, ಅವರು ಮೇಲಿನಿಂದ ಉದ್ದದ ಹಿಡಿ ತಿರುಗಿಸಬೇಕು. ಹೀಗೆ ನಡೆಯಿತು ಕೆಲಸ.

"ಕೂತಿತು."

ತಿರುಗಿಸಿದರು. ಅಲುಗಲಿಲ್ಲ. ಕಾದೆವು. ಊಟ ಮಾಡಿದೆವು. ಮತ್ತೆ ಎಣ್ಣೆ ಬಿಟ್ಟೆವು.

ಮಧ್ಯಾಹ್ನ ದಾಟುವಾಗ ಫೋರ್‌ಮನ್ ಬಂದ. ಅವನೂ ನಮ್ಮ ಕಡೆಯವನೇ, ನಿಮ್ಮ ಅಪ್ಪನಿಗಿಂತ ಸ್ವಲ್ಪ ದೊಡ್ಡವನು. ಕೆಳಗಿನಿಂದಲೇ ಕೂಗಿದ: "ಎಂತ ಅಣ್ಣ, ಎಂಜಿನ್‌ಗೆ ಹೆರಿಗೆ ಮಾಡಿಸ್ತಾ ಇದ್ದೀರಾ? ಅತ್ತಿಗೆಯನ್ನೂ ಕರ್ಕೊಂಡು ಬಂದಿದ್ದೀರಿ!"

"ಹೆರಿಗೆಯಾದ್ರೆ ಮೊದ್ಲು ನಿನಗೇ ಹೇಳ್ತೇನೆ. ಈಗ ಹೋಗು."

"ಹೋಗುವುದೆಲ್ಲಿಗೆ? ಸಾಹೇಬರು ದಾರಿಯಲ್ಲಿದ್ದಾರೆ, ಕಡೆಯ ಸಲ ನೋಡ್ಲಿಕ್ಕೆ. ಯಲ್ಲಾ, ಮುಗಿಸಿ."

ಅವಸರ ಹೊಕ್ಕಿತು. ನಾನು "ಕೂತಿತು" ಎಂದೆ. ಕೂತಿತ್ತು ಕೂಡ. ಅವರು ಒತ್ತಿದರು. ನನ್ನ ಬೆರಳಿನ ಕೆಳಗೇ ಅದು ಜಾರಿತು. ಮತ್ತೆ ಮುಟ್ಟಿ ನೋಡಿದರೆ ಬಿರಡೆಯ ತಲೆಗೆ ಮೂಲೆಗಳೇ ಇರಲಿಲ್ಲ, ನುಣ್ಣಗೆ ಗೋಲಿಯ ಹಾಗಾಗಿತ್ತು. ಹಿತ್ತಾಳೆ ಮೆದು ಲೋಹ ಮಕ್ಕಳೇ. ಒಮ್ಮೆ ಮೂಲೆ ಸವೆದರೆ ಪಾನಕ್ಕೆ ಹಿಡಿತವೇ ಸಿಗುವುದಿಲ್ಲ.

ಒಂದು ನಂಬರು ಚಿಕ್ಕ ಸಾಕೆಟ್ಟನ್ನು ಬಡಿದು ಕೂರಿಸಲು ನೋಡಿದರು. ಸುತ್ತಿಗೆ ಬೀಸಲು ಅಲ್ಲಿ ಜಾಗವಿರಲಿಲ್ಲ.

"ಸ್ಟಾರ್ಟರ್ ಇಳಿಸ್ಬೇಕು, ಕೊರೆದು ತೆಗೀಬೇಕು" ಎಂದರು ನಿಮ್ಮ ಅಜ್ಜ. "ಸ್ಟಾರ್ಟರಿನ ಬೋಲ್ಟೂ ಹಿಡ್ಕೊಂಡಿದೆ. ನಾಳೆ ಒಂದು ದಿನ ಕೊಡು."

"ನಾಳೆ ಎಲ್ಲಿಂದ ಕೊಡ್ಲಿ ಅಣ್ಣ? ಬೆಳಿಗ್ಗೆ ಟ್ರಕ್ಕು. ಹಡಗು ನಮ್ಗೆ ಕಾಯ್ತದಾ? ಗುಲಾಬಿ ನೀರು ಹಾಕಿದ್ರೆ ಆಯ್ತಲ್ಲ."

"ಮೇಲಿಂದ ಹಾಕಿದ್ರೆ ಕೆಳಗಿನ ನೀರು ಎಲ್ಲಿಗೆ ಹೋಗ್ತದೆ? ಬಲಬದಿಯಲ್ಲಿ ಹಾಗೇ ನಿಲ್ತದೆ. ಅಲ್ಲಿ ಹೋಗಿ ಒಡೀತದೆ ಮಾರಾಯ."

"ಅಲ್ಲಿಯದ್ದು ಅಲ್ಲಿಯವರು ನೋಡ್ಕೊಳ್ತಾರೆ."

ನಿಮ್ಮ ಅಜ್ಜ ಚಿಂದಿಯ ಡಬ್ಬಿಗೆ ಕೈ ಹಾಕಿದರು, ರಜೆಯ ದಿನ, ಡಬ್ಬಿ ಖಾಲಿ. ನನ್ನ ಟಿಫಿನಿನ ಕಡೆ ನೋಡಿದರು. "ಆ ಬಟ್ಟೆ ಕೊಡು" ಎಂದರು. ಕೊಟ್ಟೆ. ಅಂಚಿನ ಕಡೆಯಿಂದ ಉದ್ದಕ್ಕೆ ಒಂದು ಪಟ್ಟಿ ಹರಿದು, ಸ್ಟಾರ್ಟರಿನ ಪಕ್ಕದ ಕೊಳವೆಗೆ, ಆ ಬಿರಡೆಯ ನೇರ ಮೇಲೆ, ಗಂಟು ಹಾಕಿ ಕಟ್ಟಿದರು. ಎರಡೆರಡು ಗಂಟು. "ಇದು ಯಾರಿಗೂ ಕಾಣದೆ ಇರುವುದಿಲ್ಲ" ಎಂದರು. ಕೆಂಪು ಚಿಂದಿ ನೋಡಿದವರು ಎಂಜಿನಿನಲ್ಲಿ ಕೆಲಸ ಬಾಕಿಯಿದೆ ಎಂದು ತಿಳಿಯದೆ ಇರಬಹುದು ಎಂಬ ಯೋಚನೆಯೇ ಅವರಿಗೆ ಬರಲಿಲ್ಲ. ಅಷ್ಟು ವರ್ಷ ಅದೇ ಲಿಪಿಯಲ್ಲಿ ಬದುಕಿದವರು.

ಸಾಹೇಬರು ಬಂದರು. ಮಂಡಿನೋವಿದ್ದರೂ ಏಣಿ ಹತ್ತಿ ಬಂದು, ಹಲಗೆ ಎತ್ತಿದ ಜಾಗದಲ್ಲಿ ಬಗ್ಗಿ ನೋಡಿದರು. ನಾನು ಸೆರಗು ಹೊದ್ದು ಮೂಲೆಗೆ ಸರಿದೆ. ಅವರಿಗೆ ಮೊದಲು ಕಂಡದ್ದೇ ಆ ಪಟ್ಟಿ. ಹಳದಿ ಅಂಚಿನ ಕೆಂಪು ಬಟ್ಟೆ. ನವರಾತ್ರಿ ಆಗಷ್ಟೇ ಮುಗಿದಿತ್ತು.

"ಪೂಜಾ?" ಎಂದರು ಸಾಹೇಬರು. ಮುಖ ಅರಳಿತು. "ಫಾರ್ ಮೈ ಬೋಟ್?"

ನಿಮ್ಮ ಅಜ್ಜ ತಲೆ ಅಲ್ಲಾಡಿಸಿದರು. "ನೋ ಸರ್. ವಾಟರ್. ದಿಸ್ ಒನ್, ವಾಟರ್ ಇನ್‌ಸೈಡ್. ನೋ ಓಪನ್."

ಸಾಹೇಬರು ಅರ್ಥವಾಗದೆ ಫೋರ್‌ಮನ್ ಕಡೆ ನೋಡಿದರು. ಫೋರ್‌ಮನ್ ನಗುತ್ತಾ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದ. ಎಲ್ಲ ನೀರೂ ತೆಗೆದಾಗಿದೆ, ಇವರು ತಮ್ಮ ಪದ್ಧತಿಯಂತೆ ಪೂಜೆ ಮಾಡಿ ಕಟ್ಟಿದ್ದಾರೆ, ಶುಭ ಪ್ರಯಾಣ, ಇಷ್ಟು ನನಗೂ ಅರ್ಥವಾಯಿತು. ಹಾಗೆ ಹೇಳುತ್ತಲೇ ನಿಮ್ಮ ಅಜ್ಜನ ಮೊಣಕೈ ಹಿಡಿದು, ನಮ್ಮ ಮಾತಿನಲ್ಲಿ ಮೆಲ್ಲಗೆ, "ಖಲಾಸ್ ಅಣ್ಣ. ವೀಸಾ ಬೇಕಾ ಬೇಡ್ವಾ?" ಎಂದ.

ಮತ್ತೆ "ವಾಟರ್" ಎನ್ನಲು ತೆರೆದ ಬಾಯನ್ನು ನಿಮ್ಮ ಅಜ್ಜ ಮುಚ್ಚಿಕೊಂಡರು. ಸಾಹೇಬರು ಅವರಿಗೆ ಕೈಮುಗಿದರು, ಆಮೇಲೆ ನನ್ನ ಕಡೆ ತಿರುಗಿ ನನಗೂ ಕೈಮುಗಿದರು. ಬಗ್ಗಿ ಆ ಪಟ್ಟಿಯನ್ನು ಎರಡು ಬೆರಳಿನಿಂದ ಮುಟ್ಟಿ ಹಣೆಗೆ ಒತ್ತಿಕೊಂಡರು. ದೇವಸ್ಥಾನದಲ್ಲಿ ನಾವು ಮಾಡುವ ಹಾಗೆಯೇ. ಯಾರೋ ಕಲಿಸಿರಬೇಕು. ಕಲಿಸಿದವರು ಬಹುಶಃ ನಿಮ್ಮ ಅಜ್ಜನೇ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದ್ದು: "ಗಂಟು ಗಟ್ಟಿ ಉಂಟು. ಯಾರಾದ್ರೂ ಕೇಳಿಯಾರು."

ಆ ಚಳಿಗಾಲವಿಡೀ ಅವರು ಫೋನಿನಲ್ಲಿ ಸಾಹೇಬರ ಊರಿನ ಹವೆ ನೋಡುತ್ತಿದ್ದರು. ಹೇಗೆ ನೋಡುವುದೆಂದು ನಿಮ್ಮ ಅಪ್ಪನೇ ಹೇಳಿಕೊಟ್ಟ, ಏಕೆಂದು ಕೇಳಲಿಲ್ಲ. ಸೊನ್ನೆಗಿಂತ ಕೆಳಗಿನ ಅಂಕಿಯ ಎಡಕ್ಕೆ ಒಂದು ಸಣ್ಣ ಗೆರೆ ಇರುತ್ತದಲ್ಲ, ಅದು ಕಾಣಿಸಿದ ದಿನ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಇಲ್ಲಿ ಆಗ ಎಷ್ಟು ಒಳ್ಳೆಯ ಹವೆ! ಶುಕ್ರವಾರ ಸಂಜೆ ಪಾರ್ಕಿನಲ್ಲಿ ಜನ ಚಾಪೆ ಹಾಸಿ ಕೂರುತ್ತಿದ್ದರು. ಇವರು ಮಾತ್ರ ಒಂದು ಸ್ವೆಟರ್ ಹಾಕಿಕೊಂಡು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದರು. "ಒಂದು ವೇಳೆ ಒಳಗೆ ಹೀಟರ್ ಇರುವ ಶೆಡ್ಡಿನಲ್ಲಿ ಇಟ್ಟಿದ್ರೆ?" ಎನ್ನುತ್ತಿದ್ದರು. "ಇಟ್ಟಿರ್ತಾರೆ" ಎನ್ನುತ್ತಿದ್ದೆ. ಬೇರೆ ಏನು ಹೇಳಲಿ?

ಏಪ್ರಿಲ್‌ನಲ್ಲಿ ಸಾಹೇಬರಿಂದ ಎಂಜಿನಿನ ಫೋಟೋ ಬಂತು. ಅಲ್ಲಿ ಹಿಮ ಕರಗಿದ ಮೇಲೆ ಬೋಟು ನೀರಿಗಿಳಿಸುವ ಮೊದಲು ಎಂಜಿನ್ ಚಾಲು ಮಾಡಲು ಹೋದಾಗ ಗೊತ್ತಾಯಿತಂತೆ. ಬಲಬದಿಯಲ್ಲಿ, ಆ ಬಿರಡೆಯ ಮೇಲಿನಿಂದ ಉದ್ದಕ್ಕೆ ಒಂದು ಸೀಳು. ಎಂಜಿನ್ ಇನ್ನು ಗುಜರಿಗೇ. ಸಾಹೇಬರು ಬೈದು ಬರೆದಿರಲಿಲ್ಲ. ನಿಮ್ಮ ಅಪ್ಪ ಓದಿ ಹೇಳಿದ: ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳಬಾರದು, ನಿಮ್ಮ ಪೂಜೆಯ ಬಟ್ಟೆಯನ್ನು ನಾವು ಮುಟ್ಟಿಲ್ಲ, ಹಡಗಿನವರಿಗೂ ಇಲ್ಲಿಯವರಿಗೂ ಮುಟ್ಟಬೇಡಿ ಎಂದು ಹೇಳಿದ್ದೆ, ಹಾಗೇ ಇದೆ, ನೋಡಿ.

ಹಾಗೇ ಇತ್ತು. ನನ್ನ ರವಿಕೆ ಕಣದ ಹಳದಿ ಅಂಚು, ಎರಡೆರಡು ಗಂಟು. ಅದರ ಕೆಳಗೇ ಸೀಳು.

ನಿಮ್ಮ ಅಜ್ಜ ಫೋಟೋವನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಗಂಟನ್ನೇ ನೋಡಿದರು. "ನಾನೇ ಹೋಗಿ ಬಿಚ್ಚಬೇಕಿತ್ತು" ಎಂದರು. ಅಷ್ಟು ದೂರ ಹೇಗೆ ಹೋಗುತ್ತಿದ್ದರು?

ಆ ಫೋಟೋ ಮುದೀರ್‌ಗೂ ಹೋಗಿತ್ತು. ವೀಸಾ ಮತ್ತೆ ಮಾಡಿಸಲಿಲ್ಲ. ಫೋಟೋ ಬಾರದಿದ್ದರೂ ಮಾಡಿಸುತ್ತಿರಲಿಲ್ಲವೋ ಏನೋ. ಆ ವರ್ಷ ಅರುವತ್ತು ದಾಟಿದ ಒಬ್ಬ ಪಠಾಣನನ್ನೂ ಕಳಿಸಿದರೆಂದು ಆಮೇಲೆ ಕೇಳಿದೆ. ಅವನು ಯಾವ ಎಂಜಿನನ್ನೂ ಒಡೆದಿರಲಿಲ್ಲ. ಇದನ್ನು ನಿಮ್ಮ ಅಜ್ಜನಿಗೆ ಹೇಳಿದರೆ ಸಮಾಧಾನವಾದೀತು ಎಂದುಕೊಂಡೆ. "ಹಾಗಾದ್ರೆ ಆವತ್ತು ನಾನು ಬಾಯಿ ಮುಚ್ಚಿದ್ದು ಯಾತಕ್ಕೆ?" ಎಂದರು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮೇ ತಿಂಗಳಲ್ಲಿ ಹೊರಟೆವು. ಏರ್‌ಪೋರ್ಟಿಗೆ ಬಿಡಲು ಫೋರ್‌ಮನ್ ತನ್ನ ಕಾರು ತಂದಿದ್ದ. ನೀವೆಲ್ಲ ಅಪ್ಪನ ಕಾರಿನಲ್ಲಿ ಹಿಂದೆ ಬಂದಿರಿ. ಪಾನದ ಪೆಟ್ಟಿಗೆ ಭಾರವಾಗುತ್ತದೆಂದು ಅದನ್ನು ಶೆಡ್ಡಿನಲ್ಲೇ ಬಿಟ್ಟು ಬಂದಿದ್ದರು. ಫೋರ್‌ಮನ್ ಬ್ಯಾಗುಗಳನ್ನು ಟ್ರಾಲಿಗೆ ಎತ್ತಿಟ್ಟ. ಆಮೇಲೆ ಕೇಳಿದ:

"ನನ್ನ ಮೇಲೆ ಬೇಸರ ಉಂಟಾ ಅಣ್ಣ?"

"ನಿನ್ನ ವೀಸಾ ಯಾವಾಗ ಮುಗೀತದೆ?"

"ಬರುವ ವರ್ಷ."

"ಹಾಗಾದ್ರೆ ಜಾಗ್ರತೆ ಮಾಡು" ಎಂದರು ನಿಮ್ಮ ಅಜ್ಜ. ಸಿಟ್ಟಿನಲ್ಲಿ ಹೇಳಲಿಲ್ಲ. ಫೋರ್‌ಮನ್ ಅವರ ಕಾಲು ಮುಟ್ಟಲು ಬಗ್ಗಿದ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಅಣ್ಣ ಅಜ್ಜನ ಅಂಗಿ ಹಿಡಿದೆಳೆದು, "ವೆನ್ ವಿಲ್ ಯು ಕಮ್ ಬ್ಯಾಕ್?" ಎಂದು ಕೇಳಿದ. ನಿನಗೆ ನೆನಪಿಲ್ಲ ಮಗಾ, ನೀನು ಚಿಕ್ಕವನು. ನಿಮ್ಮ ಅಜ್ಜ "ಚಳಿ ಮುಗಿದ ಮೇಲೆ" ಎಂದರು. ಹೊರಗೆ ಡಾಂಬರು ಮೆತ್ತಗಾಗುವಷ್ಟು ಬಿಸಿಲಿತ್ತು. ಚಳಿ ಮುಗಿದು ಎಷ್ಟೋ ದಿನವಾಗಿತ್ತು. ನೀನು "ಓಕೆ" ಎಂದೆ.

ಊರಿನಲ್ಲಿ ಮೀನುಗಾರರು ದೋಣಿಯ ಎಂಜಿನ್ ನೋಡಲು ಕರೆಯುತ್ತಿದ್ದರು. ನಿಮ್ಮ ಅಜ್ಜ ಹೋಗಲಿಲ್ಲ. ಮುಂದಿನ ನವರಾತ್ರಿಗೆ ಕುಂಕುಮ ಇಡಲು ಮನೆಯಲ್ಲಿ ಒಂದು ಪಾನವೂ ಇರಲಿಲ್ಲ. ಅಡುಗೆಮನೆಯ ಈಳಿಗೆಗೆ ನಾನೇ ಇಟ್ಟೆ. ಆ ವರ್ಷದ ಚಳಿ ಮುಗಿಯುವ ಮೊದಲೇ ಅವರು ತೀರಿಹೋದರು. ಆಮೇಲೆ ನಿಮ್ಮ ಅಪ್ಪ ತನ್ನ ವೀಸಾದಲ್ಲಿ ನನ್ನನ್ನು ಇಲ್ಲಿಗೆ ಕರೆಸಿಕೊಂಡ. ಅವರು ಅಷ್ಟು ಬಯಸಿದ್ದು ನನಗೊಬ್ಬಳಿಗೇ ಸಿಕ್ಕಿತು, ಅವರಿಲ್ಲದ ಮೇಲೆ ಸಿಕ್ಕಿತು. ನಾನು ಅದರಲ್ಲಿ ಏನು ಮಾಡಬೇಕೆಂದು ಇನ್ನೂ ತಿಳಿದಿಲ್ಲ. ನಿಮ್ಮ ಬಾಟಲಿಗಳನ್ನು ಫ್ರೀಜರಿನಿಂದ ತೆಗೆದಿಡುತ್ತೇನೆ.